ಹಣ್ಣಿನ ನೊಣದ ಮೈಯಲ್ಲಿ ಕ್ಷಯ

(ದತ್ತಿ ಉಪನ್ಯಾಸದ ಮುದ್ರಿತ ಪಾಠ)



ವಿಜ್ಞಾನದ ಮಾತಾಗಬೇಕು, ಆದರೆ ಊರಿಗೆ ಹತ್ತಿರದ್ದಾಗಿರಬೇಕು ಎಂದು ಸಂಘಟಕರು ಹೇಳಿದ್ದರು. ಅದಕ್ಕಾಗಿ ಎರಡು ಜೀವಿಗಳನ್ನು ಆರಿಸಿಕೊಂಡು ಬಂದಿದ್ದೇನೆ. ಒಂದು ಕ್ಷಯದ ಬ್ಯಾಕ್ಟೀರಿಯಾ, ಇನ್ನೊಂದು ಕಳಿತ ಬಾಳೆಹಣ್ಣಿನ ಮೇಲೆ ಸುತ್ತುವ ಮೂರು ಮಿಲಿಮೀಟರ್ ಉದ್ದದ ನೊಣ. ಈ ನೊಣಕ್ಕೆ ಕ್ಷಯದಂಥ ಸೋಂಕು ತಗುಲಿಸಿ, ಅದರ ಮೈ ಹೇಗೆ ಎದುರಿಸುತ್ತದೆ ಎಂದು ನೋಡುತ್ತಿರುವವರು ಇಪ್ಪತ್ತು ವರ್ಷಗಳಿಂದ ಇದ್ದಾರೆ. ಅವರು ಕಂಡುಕೊಂಡ ಒಂದು ಸಂಗತಿ ಇಲ್ಲಿಯ ರೋಗಿಯ ಊಟದ ತಾಟಿನವರೆಗೂ ಬರುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಇವತ್ತು ಹೇಳಬೇಕೆಂದಿರುವುದು ಅದನ್ನೇ.

ಮೊದಲು ನೊಣದ ಗುರುತು ಹೇಳಿಬಿಡುತ್ತೇನೆ. ತೋಟದವರ ಬಾಯಲ್ಲಿ ಹಣ್ಣಿನ ನೊಣ ಎಂದರೆ ಪೇರಲ, ಮಾವು, ಬಾರಿಹಣ್ಣುಗಳ ಸಿಪ್ಪೆ ಚುಚ್ಚಿ ಒಳಗೆ ಮೊಟ್ಟೆಯಿಡುವ ನೊಣ. ಅದನ್ನು ಹಿಡಿಯಲು ಗಿಡಕ್ಕೆ ಮೋಹಕ ಬಲೆ ಕಟ್ಟುತ್ತೀರಿ. ಅದು ಬ್ಯಾಕ್ಟ್ರೋಸೆರಾ, ಬೇರೆಯದೇ ಕುಟುಂಬದ್ದು. ನಾನು ಹೇಳುತ್ತಿರುವುದು ಡ್ರೊಸೊಫಿಲಾ ಮೆಲನೊಗ್ಯಾಸ್ಟರ್. ದ್ರಾಕ್ಷಿ ಒಣಗಿಸುವ ಶೆಡ್ಡಿನ ಹಿಂದೆ ಬಿದ್ದ ಒಡಕು ಹಣ್ಣು, ಕಬ್ಬಿನ ಹಾಲಿನ ಗಾಡಿಯ ಪಕ್ಕದ ಸಿಪ್ಪೆ, ಸಂತೆ ಎದ್ದ ಮೇಲೆ ಉಳಿದ ಬಾಳೆಹಣ್ಣು, ಹೀಗೆ ಹುಳಿ ಬಂದಲ್ಲೆಲ್ಲ ಅದು ಹಾಜರು. ಒಳ್ಳೆಯ ಕಾಯಿಗೆ ಅದರಿಂದ ತೊಂದರೆಯಿಲ್ಲ, ಕೊಳೆತದ್ದರಲ್ಲಿ ಹುಟ್ಟುವ ಯೀಸ್ಟ್ ಅದರ ಆಹಾರ. ಕಣ್ಣು ಕಡುಗೆಂಪು, ಮೈ ಹಳದಿಗಂದು, ಗಂಡಿನ ಹೊಟ್ಟೆಯ ತುದಿ ಕಪ್ಪು. 25 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿಟ್ಟರೆ ಮೊಟ್ಟೆ ಹತ್ತು ದಿನಕ್ಕೆ ನೊಣವಾಗುತ್ತದೆ.

ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಥಾಮಸ್ ಹಂಟ್ ಮಾರ್ಗನ್ 1910ರಲ್ಲಿ ಇದರ ಕೆಂಪು ಕಣ್ಣುಗಳ ನಡುವೆ ಒಂದು ಬಿಳಿ ಕಣ್ಣಿನ ಗಂಡನ್ನು ಕಂಡು, ಜೀನ್‌ಗಳು ಕ್ರೋಮೋಸೋಮಿನ ಮೇಲಿವೆ ಎಂಬುದನ್ನು ಸಾಧಿಸಿದ ಕಥೆ ಪಿಯುಸಿ ಪುಸ್ತಕದಲ್ಲಿದೆ. ಪುಸ್ತಕ ಹೇಳದಿರುವುದು, ಕನ್ನಡ ನಾಡಿನಲ್ಲೂ ಈ ನೊಣದ ದೊಡ್ಡ ಅಧ್ಯಯನ ಪರಂಪರೆಯೊಂದು ಇದೆ ಎಂಬುದನ್ನು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎಂ.ಆರ್. ರಾಜಶೇಖರಶೆಟ್ಟಿ, ಎನ್.ಬಿ. ಕೃಷ್ಣಮೂರ್ತಿ, ಎಚ್.ಎ. ರಂಗನಾಥ್ ಮುಂತಾದವರು ಕಟ್ಟಿದ ಪರಂಪರೆ ಅದು. ಕಳಿತ ಬಾಳೆಹಣ್ಣು ಹಾಕಿದ ಬಾಟಲಿಗಳನ್ನು ಚಾಮುಂಡಿ ಬೆಟ್ಟದ ಪೊದೆಗಳಿಗೆ ಕಟ್ಟಿ ನೊಣ ಹಿಡಿದು, ಎತ್ತರಕ್ಕೆ ತಕ್ಕಂತೆ ಯಾವ ಪ್ರಭೇದ ಎಲ್ಲಿದೆ ಎಂದು ಲೆಕ್ಕ ಹಾಕಿದವರು ಅಲ್ಲಿಯ ವಿದ್ಯಾರ್ಥಿಗಳು. ಡ್ರೊಸೊಫಿಲಾ ಮೈಸೂರೆನ್ಸಿಸ್ ಎಂಬ ಪ್ರಭೇದಕ್ಕೆ ಊರಿನ ಹೆಸರೇ ಬಂದಿದೆ. ನೊಣಗಳ ತಳಿಗಳನ್ನು ಕಾಪಾಡಿಕೊಂಡು ಬಂದ ಸ್ಟಾಕ್ ಸೆಂಟರ್ ಕೂಡ ಅಲ್ಲಿದೆ.

ಅಲ್ಲಿಯ ನೊಣಗಳ ಅಡುಗೆ ನಮ್ಮ ಅಡುಗೆಮನೆಗೆ ಹೊಸದಲ್ಲ. ಒಂದು ಲೀಟರ್ ನೀರಿಗೆ 100 ಗ್ರಾಂ ಬೆಲ್ಲ, 100 ಗ್ರಾಂ ಗೋಧಿ ರವೆ, ಗಟ್ಟಿಯಾಗಲು ಎಂಟು ಹತ್ತು ಗ್ರಾಂ ಅಗರ್. ಕುದಿಸಿ ಇಳಿಸಿ, ಬೂಸ್ಟು ಹಿಡಿಯದಿರಲೆಂದು ಒಂದಿಷ್ಟು ಪ್ರೊಪಿಯಾನಿಕ್ ಆಮ್ಲ ಬೆರೆಸಿ, ಬಿಸಿ ಇರುವಾಗಲೇ ಬಾಟಲಿಗೆ ಸುರಿದು ಹತ್ತಿಯ ಬಿರಡೆ ಹಾಕುತ್ತಾರೆ. ಆರಿದ ಮೇಲೆ ಮೇಲೊಂದಿಷ್ಟು ಯೀಸ್ಟ್. ವಾರದೊಳಗೆ ಬಾಟಲಿಯ ಗೋಡೆ ಹತ್ತುವ ಬಿಳಿ ಹುಳುಗಳು ಬರಿಗಣ್ಣಿಗೆ ಕಾಣುತ್ತವೆ. ಬೆಲ್ಲ, ರವೆಯ ಖರ್ಚಿನಲ್ಲಿ ಸಾವಿರಾರು ಜೀವಿಗಳನ್ನು ಸಾಕಬಹುದಾದ್ದರಿಂದಲೇ ಜೀವಶಾಸ್ತ್ರ ಈ ನೊಣದ ಮೇಲೆ ಇಷ್ಟೊಂದು ನಿಂತಿದೆ.

ಅದೇ ಮೈಸೂರಿನಲ್ಲಿ ಕ್ಷಯದ ನೆನಪಿನ ಜಾಗವೂ ಒಂದಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ ಕೃಷ್ಣಾಜಮ್ಮಣ್ಣಿಯವರು ಕ್ಷಯದಿಂದ ತೀರಿಕೊಂಡರು. ಅವರ ಹೆಸರಿನ ಸ್ಯಾನಟೋರಿಯಂ 1921ರಲ್ಲಿ ಶುರುವಾಯಿತು. ಪಿಕೆಟಿಬಿ ಆಸ್ಪತ್ರೆ ಎಂದರೆ ಇಂದಿಗೂ ಎಲ್ಲರಿಗೂ ಗೊತ್ತು. ನಮ್ಮ ಕಡೆಯವರಿಗೆ ಮೈಸೂರು ದೂರ. ಮುಂಬೈ ಕರ್ನಾಟಕದ ರೋಗಿಗಳು ರೈಲು ಹತ್ತಿ ಹೋಗುತ್ತಿದ್ದದ್ದು ಮೀರಜಿಗೆ, ಅಲ್ಲಿಯ ವಾನ್ಲೆಸ್‌ವಾಡಿಯ ಸ್ಯಾನಟೋರಿಯಮ್ಮಿಗೆ. ಔಷಧವಿಲ್ಲದ ಆ ಕಾಲದಲ್ಲಿ ಸ್ಯಾನಟೋರಿಯಂ ಕೊಡುತ್ತಿದ್ದದ್ದು ಗಾಳಿ, ಬಿಸಿಲು, ವಿಶ್ರಾಂತಿ ಮತ್ತು ಹೊಟ್ಟೆ ತುಂಬ ಊಟ. ಸ್ಟ್ರೆಪ್ಟೊಮೈಸಿನ್, ಐಸೊನಿಯಜಿಡ್, ರಿಫಾಂಪಿಸಿನ್ ಬಂದ ಮೇಲೆ ಊಟದ ಮಾತು ಹಿಂದೆ ಸರಿಯಿತು. ಅದು ಮತ್ತೆ ಮುಂದೆ ಬರಬೇಕಾದ ಕಾರಣವನ್ನೇ ನಾನು ವಿವರಿಸಲಿರುವುದು.

ಕ್ಷಯದ ದೊಡ್ಡ ಒಗಟು ಸೋಂಕಿನಲ್ಲಿಲ್ಲ, ಸೋಂಕಾದ ಮೇಲೆ ಏನಾಗುತ್ತದೆ ಎಂಬುದರಲ್ಲಿದೆ. ರಾಬರ್ಟ್ ಕಾಕ್ 1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ಈ ಬ್ಯಾಕ್ಟೀರಿಯಾವನ್ನು ತೋರಿಸಿದಾಗ ಕಾರಣ ಸಿಕ್ಕಿತು, ಕಥೆ ಮುಗಿಯಲಿಲ್ಲ. ಲೋಕದ ಜನಸಂಖ್ಯೆಯ ಸುಮಾರು ಕಾಲು ಭಾಗದ ಮೈಯಲ್ಲಿ ಈ ಸೋಂಕು ಹೊಕ್ಕಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ಜೀವಮಾನದಲ್ಲಿ ರೋಗ ಬೀಳುವವರು ನೂರಕ್ಕೆ ಐದರಿಂದ ಹತ್ತು ಮಂದಿ. 2023ರಲ್ಲಿ ಲೋಕದಲ್ಲಿ 1 ಕೋಟಿ 8 ಲಕ್ಷ ಜನ ಹೊಸದಾಗಿ ಕ್ಷಯಕ್ಕೆ ಬಿದ್ದರು, ನಾಲ್ವರಲ್ಲಿ ಒಬ್ಬರು ಭಾರತದವರು. ಹತ್ತು ಜನಕ್ಕೆ ಸೋಂಕಾದರೆ ಒಂಬತ್ತು ಮಂದಿಯ ಮೈ ಅದನ್ನು ಅಡಗಿಸಿಡುತ್ತದೆ, ಒಬ್ಬರದು ಸೋಲುತ್ತದೆ. ಆ ಒಬ್ಬರ ಮೈಯಲ್ಲಿ ಏನು ಬೇರೆಯಾಗಿತ್ತು?

ಮನುಷ್ಯರಲ್ಲಿ ಇದನ್ನು ಬಿಡಿಸಿ ನೋಡುವುದು ಕಷ್ಟ. ಒಬ್ಬರಿಗೆ ಸಕ್ಕರೆ ಕಾಯಿಲೆ, ಇನ್ನೊಬ್ಬರಿಗೆ ಹೊಟ್ಟೆಗಿಲ್ಲ, ಮತ್ತೊಬ್ಬರು ಕಲ್ಲು ಕ್ವಾರಿಯ ದೂಳು ಕುಡಿದವರು. ನೊಣದಲ್ಲಿ ಒಂದು ಜೀನ್ ಮಾತ್ರ ಬದಲಿಸಿ ಉಳಿದದ್ದನ್ನೆಲ್ಲ ಒಂದೇ ತೆರನಾಗಿ ಇಡಬಹುದು. ಮನುಷ್ಯನ ರೋಗಗಳಿಗೆ ನಂಟಿರುವ ಜೀನ್‌ಗಳಲ್ಲಿ ಮುಕ್ಕಾಲು ಪಾಲಿಗೆ ನೊಣದಲ್ಲಿ ಜೋಡಿ ಸಿಗುತ್ತದೆ.

ನೊಣದಿಂದ ಮನುಷ್ಯನ ರೋಗನಿರೋಧಕ ಶಕ್ತಿ ತಿಳಿಯಬಹುದೇ ಎಂಬ ಅನುಮಾನಕ್ಕೆ 1996ರಲ್ಲೇ ಉತ್ತರ ಸಿಕ್ಕಿದೆ. ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಜೂಲ್ಸ್ ಹಾಫ್‌ಮನ್ ಅವರ ಪ್ರಯೋಗಾಲಯದಲ್ಲಿ ಬ್ರೂನೊ ಲೆಮೇತ್ರ್ ಟೋಲ್ ಎಂಬ ಜೀನ್ ಕೆಟ್ಟ ನೊಣಗಳಿಗೆ ಶಿಲೀಂಧ್ರದ ಸೋಂಕು ತಗುಲಿಸಿದರು. ನೊಣ ಸತ್ತು ಅದರ ಮೈತುಂಬ ಬೂಸ್ಟಿನ ಎಳೆ ಬೆಳೆದು ನಿಂತ ಚಿತ್ರ ಆ ವಿದ್ಯೆಯ ಪುಸ್ತಕಗಳಲ್ಲೆಲ್ಲ ಬರುತ್ತದೆ. ಮರುವರ್ಷವೇ ಮನುಷ್ಯರಲ್ಲೂ ಟೋಲ್‌ನ ಬಂಧುಗಳು ಸಿಕ್ಕವು. ಹಾಫ್‌ಮನ್ನರಿಗೆ 2011ರಲ್ಲಿ ನೊಬೆಲ್ ಬಂತು. ಕ್ಷಯದ ಬ್ಯಾಕ್ಟೀರಿಯಾದ ಹೊದಿಕೆಯನ್ನು ನಮ್ಮ ಜೀವಕೋಶ ಗುರುತಿಸುವುದರಲ್ಲಿ ಆ ಬಂಧುಗಳಿಗೂ ಪಾಲಿದೆ.

ಈಗ ಮುಖ್ಯ ಪ್ರಯೋಗ. ಕ್ಷಯದ ನಿಜವಾದ ಬ್ಯಾಕ್ಟೀರಿಯಾವನ್ನು ನೊಣಕ್ಕೆ ಕೊಡುವುದಿಲ್ಲ. ಅದು ನಮ್ಮ ಮೈ ಶಾಖದ 37 ಡಿಗ್ರಿಯಲ್ಲಿ ಚೆನ್ನಾಗಿ ಬೆಳೆಯುತ್ತದೆ, ಆ ಕಾವು ನೊಣಕ್ಕೆ ತಡೆಯದು. ಗಾಳಿಯಲ್ಲಿ ಹರಡುವುದರಿಂದ ಅದಕ್ಕೆ ವಿಶೇಷ ಭದ್ರತೆಯ ಪ್ರಯೋಗಾಲಯ ಬೇಕು. ಬದಲಿಗೆ ಅದರ ಹತ್ತಿರದ ಸಂಬಂಧಿ ಮೈಕೊಬ್ಯಾಕ್ಟೀರಿಯಂ ಮರಿನಮ್ ಅನ್ನು ಬಳಸುತ್ತಾರೆ. ಅದು ಮೀನುಗಳಿಗೆ ಕ್ಷಯದಂಥ ರೋಗ ತರುವ ಬ್ಯಾಕ್ಟೀರಿಯಾ, 30 ಡಿಗ್ರಿಯ ಆಸುಪಾಸಿನಲ್ಲಿ ಬೆಳೆಯುತ್ತದೆ. ಬರೋಡದಲ್ಲಿ ವೈದ್ಯಕೀಯ ಓದಿದ ಲಲಿತಾ ರಾಮಕೃಷ್ಣನ್ ಇದನ್ನೇ ಜೀಬ್ರಾ ಮೀನಿನಲ್ಲಿಟ್ಟು ಕ್ಷಯದ ಗಂಟು ಕಟ್ಟುವ ಬಗೆಯನ್ನು ಕಣ್ಣಾರೆ ಕಂಡವರು.

ನೊಣಗಳನ್ನು ಕಾರ್ಬನ್ ಡೈಆಕ್ಸೈಡ್ ಹೊಮ್ಮುವ ಪ್ಯಾಡಿನ ಮೇಲೆ ಮಲಗಿಸುತ್ತಾರೆ. ಅವು ಕಾಲು ಮೇಲೆ ಮಾಡಿ ಮಲಗುತ್ತವೆ. ಕೂದಲಿನಷ್ಟು ಸಣ್ಣ ತುದಿ ಬರುವಂತೆ ಕಾಯಿಸಿ ಎಳೆದ ಗಾಜಿನ ನಳಿಗೆಯಿಂದ, ಸೂಕ್ಷ್ಮದರ್ಶಕದಡಿ, ಹೊಟ್ಟೆಯ ಪಕ್ಕಕ್ಕೆ ಚುಚ್ಚುತ್ತಾರೆ. ಒಳಗೆ ಹೋಗುವ ದ್ರವ ಒಂದು ಹನಿಯ ಸಾವಿರದಲ್ಲೊಂದು ಪಾಲು. ಗ್ಯಾಸ್ ನಿಂತ ಕೆಲ ನಿಮಿಷಕ್ಕೆ ನೊಣ ಎದ್ದು ರೆಕ್ಕೆ ಕೊಡವಿ ನಡೆಯುತ್ತದೆ. ಆಮೇಲಿನ ಕೆಲಸ ದಿನಾಲೂ ಬಾಟಲಿ ನೋಡಿ ಸತ್ತವೆಷ್ಟು ಎಂದು ಬರೆದುಕೊಳ್ಳುವುದು.

ಸ್ಟ್ಯಾನ್‌ಫರ್ಡಿನಲ್ಲಿ ಮಾರ್ಕ್ ಡಿಯೋನ್, ಡೇವಿಡ್ ಶ್ನೈಡರ್ ಮತ್ತು ಸಂಗಡಿಗರು 2003ರಲ್ಲಿ ಇದನ್ನು ಪ್ರಕಟಿಸಿದರು. ಬೆರಳೆಣಿಕೆಯ ಬ್ಯಾಕ್ಟೀರಿಯಾಗಳೇ ನೊಣವನ್ನು ಕೊಲ್ಲಲು ಸಾಕಾದವು. ಅದಕ್ಕಿಂತ ಮುಖ್ಯವಾದದ್ದು, ಅವು ಮೊದಲು ಬೆಳೆದದ್ದು ಎಲ್ಲಿ ಎಂಬುದು. ರೋಗಾಣುವನ್ನು ನುಂಗಿ ಅರಗಿಸಬೇಕಾದ ರಕ್ತಕಣಗಳೊಳಗೇ ಅವು ಮನೆ ಮಾಡಿಕೊಂಡಿದ್ದವು. ನುಂಗಿದ ಚೀಲ ಹುಳಿಯಾಗಿ ಒಳಗಿನದ್ದು ಕರಗಬೇಕು, ಬ್ಯಾಕ್ಟೀರಿಯಾ ಆ ಹುಳಿಯಾಗುವುದನ್ನೇ ತಡೆದಿತ್ತು. ಮನುಷ್ಯನ ಶ್ವಾಸಕೋಶದಲ್ಲಿ ಕ್ಷಯ ಮಾಡುವ ಕಿತಾಪತಿಯೂ ಇದೇ. ಬೇರೆ ಸೋಂಕುಗಳಲ್ಲಿ ನೊಣ ಸುರಿಸುವ ಬ್ಯಾಕ್ಟೀರಿಯಾನಾಶಕ ಪೆಪ್ಟೈಡುಗಳೂ ಇಲ್ಲಿ ಹೊರಡಲಿಲ್ಲ. ಒಳಗೆ ಅಡಗಿ ಕೂತವರ ಸುಳಿವು ಮೈಗೆ ಸಿಕ್ಕಿರಲಿಲ್ಲ.

2006ರಲ್ಲಿ ಅದೇ ಬಳಗ ಪ್ರಕಟಿಸಿದ ಫಲಿತಾಂಶ ನನ್ನ ಇಂದಿನ ಮಾತಿನ ತಿರುಳು. ಸೋಂಕಿತ ನೊಣಗಳ ಮೈಯ ಕೊಬ್ಬು ದಿನದಿಂದ ದಿನಕ್ಕೆ ಇಳಿಯುತ್ತಿತ್ತು. ಸಕ್ಕರೆಯ ದಾಸ್ತಾನಾದ ಗ್ಲೈಕೊಜೆನ್ ಇಳಿಯುತ್ತಿತ್ತು. ಸಕ್ಕರೆ ಮಾತ್ರ ಏರುತ್ತಿತ್ತು. ಕ್ಷಯದ ರೋಗಿಯನ್ನು ಹತ್ತಿರದಿಂದ ನೋಡಿದವರಿಗೆ ಈ ಚಿತ್ರದ ಪರಿಚಯವಿದೆ. ಅಂಗಿ ಸಡಿಲಾಗುತ್ತದೆ, ಕತ್ತಿನ ಎಲುಬು ಎದ್ದು ಕಾಣುತ್ತದೆ, ತಪಾಸಣೆ ಮಾಡಿಸಿದರೆ ಸಕ್ಕರೆ ಹೆಚ್ಚು. ಹೀಗೇಕೆ ಎಂದು ನೊಣದಲ್ಲಿ ಬೆನ್ನುಹತ್ತಿ ಹೋದಾಗ ಸಿಕ್ಕಿದ್ದು ಇನ್ಸುಲಿನ್ನಿನ ಸಂದೇಶ ಸಾಗುವ ದಾರಿ. ಸೋಂಕಿನಲ್ಲಿ ಆಕ್ಟ್ ಎಂಬ ಪ್ರೋಟೀನಿನ ಚಟುವಟಿಕೆ ತಗ್ಗಿತ್ತು. ಅದು ತಗ್ಗಿದ್ದರಿಂದ ಫಾಕ್ಸೋ ಎಂಬ ಇನ್ನೊಂದು ಪ್ರೋಟೀನು ಎದ್ದಿತ್ತು.

ಫಾಕ್ಸೋದ ಸಹಜ ಕೆಲಸ ಉಪವಾಸದ ಕಾಲದ್ದು. ನಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿಡುತ್ತಿದ್ದರು, ಬರ ಬಿದ್ದರೆ ಮಾತ್ರ ತೆರೆಯುತ್ತಿದ್ದರು. ಮೈಯೂ ಹಾಗೆಯೇ ಕೂಡಿಟ್ಟ ಕೊಬ್ಬನ್ನು ಊಟವಿಲ್ಲದಾಗ ತೆರೆಯುತ್ತದೆ, ತೆರೆಯುವ ಅಪ್ಪಣೆ ಫಾಕ್ಸೋದ್ದು. ಈ ಸೋಂಕಿನಲ್ಲಿ ನೊಣದ ಮುಂದೆ ಬೆಲ್ಲ ರವೆಯಂಥ ಆಹಾರವಿದ್ದರೂ ಮೈ ಬರ ಬಂದಂತೆ ನಡೆದುಕೊಂಡಿತು. ಫಾಕ್ಸೋ ಜೀನ್ ಇಲ್ಲದ ನೊಣಗಳಿಗೆ ಅದೇ ಸೋಂಕು ಕೊಟ್ಟಾಗ ಅವು ಅಷ್ಟು ಕರಗಲಿಲ್ಲ, ಹೆಚ್ಚು ದಿನ ಬದುಕಿದವು ಕೂಡ.

ಇದರ ಅರ್ಥವನ್ನು ವಿದ್ಯಾರ್ಥಿಗಳು ಸಾವಧಾನವಾಗಿ ಯೋಚಿಸಬೇಕು. ರೋಗನಿರೋಧಕ ಶಕ್ತಿ ಎಂದ ಕೂಡಲೇ ರೋಗಾಣುವನ್ನು ಕೊಲ್ಲುವುದೊಂದೇ ನಮ್ಮ ಮನಸ್ಸಿಗೆ ಬರುತ್ತದೆ. ಆ ನೊಣಗಳು ಸತ್ತದ್ದಕ್ಕೆ ಬ್ಯಾಕ್ಟೀರಿಯಾ ಬೆಳೆದದ್ದು ಒಂದು ಕಾರಣ, ಸೋಂಕಿಗೆ ಓಗೊಟ್ಟ ಮೈ ತನ್ನ ದಾಸ್ತಾನನ್ನು ತಾನೇ ಖಾಲಿ ಮಾಡಿಕೊಂಡದ್ದು ಇನ್ನೊಂದು. ಸೋಂಕಿನಿಂದ ಉಳಿಯಲು ಎರಡು ದಾರಿ ಎಂದು ಶ್ನೈಡರ್ ಮತ್ತು ಜನೆಲ್ ಏರ್ಸ್ 2008ರಲ್ಲಿ ಬರೆದರು. ರೋಗಾಣುವನ್ನು ಕಡಿಮೆ ಮಾಡುವುದು ಒಂದು ದಾರಿ, ರೋಗಾಣು ಇದ್ದರೂ ಅದರ ಪೆಟ್ಟನ್ನು ತಾಳಿಕೊಳ್ಳುವುದು ಮತ್ತೊಂದು. ನಮ್ಮ ಆರೋಗ್ಯ ಇಲಾಖೆಗಳು ಮೊದಲ ದಾರಿಗೆ ಮಾತ್ರೆ ಕೊಡುತ್ತವೆ. ಎರಡನೆಯದು ಬಹುಮಟ್ಟಿಗೆ ರೋಗಿಯ ಮನೆಯ ಅಡುಗೆಗೆ ಬಿಟ್ಟುಹೋಗಿದೆ.

ಡಿಯೋನ್ ಆಮೇಲೆ ಲಂಡನ್ನಿಗೆ ಹೋದರು. ಸೋಂಕಿತ ರಕ್ತಕಣಗಳೊಳಗೆ ಕೊಬ್ಬಿನ ಹನಿಗಳು ತುಂಬಿಕೊಳ್ಳುವುದನ್ನೂ, ಅದರ ಹಿಂದೆ ಇನ್ನೊಂದು ಸಂದೇಶದ ದಾರಿ ಇರುವುದನ್ನೂ ಅವರ ಬಳಗ 2017ರಲ್ಲಿ ತೋರಿಸಿತು. ಮನುಷ್ಯನ ಕ್ಷಯದ ಗಂಟುಗಳಲ್ಲೂ ಕೊಬ್ಬು ತುಂಬಿ ನೊರೆಯಂತೆ ಕಾಣುವ ಕಣಗಳಿರುತ್ತವೆ.

ನಮ್ಮ ರಾಜ್ಯದಲ್ಲೂ ಇದಕ್ಕೆ ಹತ್ತಿರದ ಕೆಲಸ ನಡೆದಿದೆ. ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯಲ್ಲಿ ಟೀನಾ ಮುಖರ್ಜಿಯವರ ಬಳಗ ನೊಣದ ಮರಿಹುಳುಗಳ ರಕ್ತಕಣಗಳನ್ನು ಅಭ್ಯಾಸ ಮಾಡುತ್ತದೆ. ಒಂದು ಜಾತಿಯ ಕಣಜ ಆ ಹುಳುವಿನೊಳಗೆ ಮೊಟ್ಟೆಯಿಟ್ಟರೆ, ಹುಳು ಚಪ್ಪಟೆಯಾದ ಕಣಗಳನ್ನು ಹುಟ್ಟಿಸಿ ಆ ಮೊಟ್ಟೆಯ ಸುತ್ತ ಪದರ ಪದರವಾಗಿ ಗೋಡೆ ಕಟ್ಟುತ್ತದೆ. ಆ ಕಣಗಳು ತಯಾರಾಗಲು ಗಾಬಾ ಎಂಬ ರಾಸಾಯನಿಕ ಬೇಕು. ಹುಳುವಿನ ಮೂಗಿಗೆ ಬೀಳುವ ವಾಸನೆಯೇ ಆ ಗಾಬಾವನ್ನು ಹೆಚ್ಚಿಸುತ್ತದೆ ಎಂದು ಅವರು 2020ರಲ್ಲಿ ಪ್ರಕಟಿಸಿದರು. ಅದು ಕ್ಷಯದ ಪ್ರಯೋಗವಲ್ಲ. ಆದರೂ ರಕ್ಷಣೆಯ ಕಣ ಸಿದ್ಧವಾಗುವುದು ಮೈಯ ಚಯಾಪಚಯದ ಮೇಲೆ ನಿಂತಿದೆ ಎಂಬ ಮಾತು ಅಲ್ಲಿಯೂ ಬರುತ್ತದೆ.

ನೊಣದ ಮಿತಿಗಳನ್ನು ಮುಚ್ಚಿಡಬಾರದು. ಅದಕ್ಕೆ ಶ್ವಾಸಕೋಶವಿಲ್ಲ, ಗಾಳಿಯ ಕೊಳವೆಗಳಿವೆ ಅಷ್ಟೆ. ಒಮ್ಮೆ ಕಂಡ ರೋಗಾಣುವನ್ನು ನೆನಪಿಟ್ಟುಕೊಳ್ಳುವ ಟಿ ಕಣಗಳಿಲ್ಲ, ಪ್ರತಿಕಾಯಗಳಿಲ್ಲ. ಎಚ್‌ಐವಿ ಸೋಂಕಿನಲ್ಲಿ ಟಿ ಕಣ ಕುಸಿದಾಗ ಕ್ಷಯ ಹೇಗೆ ಮೇಲೇಳುತ್ತದೆ ಎಂಬುದನ್ನು ಬಲ್ಲ ನಾವು ಆ ಕೊರತೆಯನ್ನು ಸಣ್ಣದೆನ್ನಲಾಗದು. ಲಸಿಕೆಯ ಪ್ರಶ್ನೆಗೆ ನೊಣದಲ್ಲಿ ಉತ್ತರ ಸಿಗದು. ಹುಟ್ಟಿನಿಂದಲೇ ಬರುವ ಮೊದಲ ಹಂತದ ರಕ್ಷಣೆ ಮತ್ತು ಮೈ ಕರಗುವ ಬಗೆ, ಈ ಎರಡರಲ್ಲಿ ಮಾತ್ರ ಅದರ ಸಾಕ್ಷ್ಯ ಬಲವಾದದ್ದು.

ಇನ್ನು ಮನುಷ್ಯರ ಕಡೆ ಬರೋಣ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರ ನೇತೃತ್ವದಲ್ಲಿ ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ ನಡೆದ ರೇಷನ್ಸ್ ಎಂಬ ಅಧ್ಯಯನದ ಫಲಿತಾಂಶ 2023ರ ಆಗಸ್ಟಿನಲ್ಲಿ ಲ್ಯಾನ್ಸೆಟ್ ಪತ್ರಿಕೆಗಳಲ್ಲಿ ಬಂತು. 2,800 ರೋಗಿಗಳು, ಅವರ ಮನೆಗಳ 10,345 ಮಂದಿ. ರೋಗಿಗಳಲ್ಲಿ ಹತ್ತಕ್ಕೆ ಎಂಟು ಜನ ಚಿಕಿತ್ಸೆಗೆ ಬಂದಾಗಲೇ ತೂಕ ಕಡಿಮೆಯಾದವರು. ಎಲ್ಲ ರೋಗಿಗಳಿಗೂ ಮಾತ್ರೆಯ ಜೊತೆಗೆ ತಿಂಗಳಿಗೆ ಅಕ್ಕಿ, ಹುರಿಗಡಲೆ ಹಿಟ್ಟು, ಹಾಲಿನ ಪುಡಿ, ಎಣ್ಣೆ ಕೊಟ್ಟರು. ಕೆಲವು ಕಡೆ ಮನೆಯ ಉಳಿದವರಿಗೂ ತಲಾ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ ಕೊಟ್ಟರು, ಇನ್ನು ಕೆಲವು ಕಡೆ ಕೊಡಲಿಲ್ಲ. ಬೇಳೆ, ಅಕ್ಕಿ ಸಿಕ್ಕ ಮನೆಗಳಲ್ಲಿ ಹೊಸದಾಗಿ ಕ್ಷಯ ಬಿದ್ದವರು ಶೇಕಡ 39ರಷ್ಟು ಕಡಿಮೆ. ಪ್ರಯೋಗಾಲಯದಲ್ಲಿ ಖಚಿತವಾದ ಕ್ಷಯ ಶೇಕಡ 48ರಷ್ಟು ಕಡಿಮೆ. ಮೊದಲೆರಡು ತಿಂಗಳಲ್ಲಿ ತೂಕ ಶೇಕಡ 5ರಷ್ಟು ಏರಿದ ರೋಗಿಗಳಲ್ಲಿ ಸಾವಿನ ಸಂಭವ ಶೇಕಡ 61ರಷ್ಟು ತಗ್ಗಿತ್ತು.

ಸ್ಟ್ಯಾನ್‌ಫರ್ಡಿನ ನೊಣ ನೋಡಿ ಜಾರ್ಖಂಡಿನಲ್ಲಿ ಅಕ್ಕಿ ಹಂಚಿದರು ಎಂದು ನಾನು ಹೇಳುತ್ತಿಲ್ಲ. ಎರಡೂ ಬೇರೆ ಬೇರೆ ದಾರಿಯಲ್ಲಿ ಬಂದವು. ಒಂದು ಮೈಯೊಳಗಿನ ಕಾರಣ ತೋರಿಸಿತು, ಇನ್ನೊಂದು ಊರೊಳಗಿನ ಪರಿಣಾಮ ತೋರಿಸಿತು. ಕ್ಷಯದ ಚಿಕಿತ್ಸೆಯಲ್ಲಿ ಊಟವೆಂದರೆ ದಾನವಲ್ಲ, ಅದೂ ಔಷಧಿಯ ಪಾಲೇ ಎಂದು ಈ ಎರಡನ್ನೂ ಒಟ್ಟಿಗಿಟ್ಟು ನೋಡಿದ ನನಗೆ ಅನಿಸಿದೆ.

ರೋಗಿಯನ್ನೇ ದೂರುವುದು ನಮ್ಮ ಹಳೆಯ ಚಾಳಿ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯಲ್ಲಿದ್ದ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಸಮೀಕ್ಷೆ ಮಾಡಿ 1963ರಲ್ಲಿ ಬರೆದ ವರದಿ ಆ ಚಾಳಿಗೆ ಒಳ್ಳೆಯ ಉತ್ತರ. ಹಳ್ಳಿಯವರಿಗೆ ರೋಗದ ಅರಿವಿಲ್ಲ, ಆಸ್ಪತ್ರೆಗೆ ಬರುವುದಿಲ್ಲ ಎಂಬ ನಂಬಿಕೆಯನ್ನು ಅದು ಸುಳ್ಳು ಮಾಡಿತು. ಕಫದಲ್ಲಿ ಬ್ಯಾಕ್ಟೀರಿಯಾ ಇದ್ದವರಲ್ಲಿ ಸುಮಾರು ಅರ್ಧ ಮಂದಿ ಆಗಲೇ ಸರಕಾರಿ ದವಾಖಾನೆ ಹತ್ತಿ ಇಳಿದಿದ್ದರು, ಕೆಮ್ಮಿನ ಔಷಧಿಯ ಬಾಟಲಿ ಹಿಡಿದು ಮನೆಗೆ ಮರಳಿದ್ದರು. ತಮ್ಮ ಮೈ ಕರಗುತ್ತಿರುವುದು ಅವರಿಗೆ ಗೊತ್ತಿತ್ತು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಮ್ಮ ಈ ನಾಲ್ಕು ತಾಲ್ಲೂಕುಗಳ ಸ್ಥಿತಿ ನಿಮಗೇ ಗೊತ್ತು. ಮಳೆ ಕೈಕೊಟ್ಟ ವರ್ಷ ಗೋವಾ, ಪುಣೆ, ಮುಂಬೈ, ಮಂಗಳೂರು ಎಂದು ಗುಳೆ ಹೋಗುತ್ತಾರೆ. ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ಎಂಟು ಹತ್ತು ಮಂದಿ ಒಟ್ಟಿಗೆ ಮಲಗುತ್ತಾರೆ. ಜೋಳದ ರೊಟ್ಟಿ, ಶೇಂಗಾ ಹಿಂಡಿ, ತೊಗರಿ ಬೇಳೆ, ಮೊಸರು ಉಂಡು ಬೆಳೆದ ಮೈ ಅಲ್ಲಿ ಚಹಾ ಮತ್ತು ಪಾವಿನ ಮೇಲೆ ದಿನ ನೂಕುತ್ತದೆ. ಆರು ತಿಂಗಳ ಮಾತ್ರೆ ನಡುವೆ ತಪ್ಪುವುದೂ ಅಲ್ಲಿಯೇ. ಸಕ್ಕರೆ ಕಾಯಿಲೆ ಹಳ್ಳಿಗೂ ಬಂದಿದೆ, ಅದಿದ್ದವರಿಗೆ ಕ್ಷಯದ ಸಂಭವ ಎರಡು ಮೂರು ಪಟ್ಟು ಹೆಚ್ಚು.

ನಿಕ್ಷಯ್ ಪೋಷಣ್ ಯೋಜನೆಯಲ್ಲಿ 2018ರಿಂದ ತಿಂಗಳಿಗೆ 500 ರೂಪಾಯಿ ರೋಗಿಯ ಖಾತೆಗೆ ಬರುತ್ತಿತ್ತು, 2024ರ ನವೆಂಬರಿನಿಂದ ಅದು 1,000 ಆಗಿದೆ. ಒಳ್ಳೆಯದೇ. ಆದರೆ ಖಾತೆಗೆ ಬಂದ ಹಣ ತಾಟಿಗೆ ಬಂತೇ ಎಂಬುದನ್ನು ತೂಕ ಮಾತ್ರ ಹೇಳಬಲ್ಲದು. ಮಾತ್ರೆ ಕೊಡುವ ಪ್ರತಿ ಸಲವೂ ರೋಗಿಯನ್ನು ತಕ್ಕಡಿಯ ಮೇಲೆ ನಿಲ್ಲಿಸಿ, ಎರಡು ತಿಂಗಳಾದರೂ ತೂಕ ಏರದವರ ಮನೆಗೆ ಹೋಗಿ ವಿಚಾರಿಸಬೇಕು ಎಂದು ಪ್ರಾಥಮಿಕ ಆರೋಗ್ಯ ಕೇಂದ್ರದವರಲ್ಲಿ ಕೈಮುಗಿದು ಕೇಳುತ್ತೇನೆ. 2022ರಲ್ಲಿ ಶುರುವಾದ ನಿಕ್ಷಯ್ ಮಿತ್ರ ವ್ಯವಸ್ಥೆಯಲ್ಲಿ ಯಾರು ಬೇಕಾದರೂ ಒಬ್ಬ ರೋಗಿಯ ಆಹಾರದ ಹೊಣೆ ಹೊರಬಹುದು. ದ್ರಾಕ್ಷಿ, ಲಿಂಬೆ ಬೆಳೆಗಾರರ ಸಂಘಗಳು, ಪತ್ತಿನ ಸಹಕಾರಿಗಳು, ಮಠಗಳು ಇಲ್ಲಿ ಕಡಿಮೆಯಿಲ್ಲ. ಕಿಟ್ಟಿನಲ್ಲಿ ಜೋಳದ ಜೊತೆಗೆ ಬೇಳೆ, ಶೇಂಗಾ, ತತ್ತಿ ಇರಲಿ. ರೋಗಿಯ ಒಂದೇ ತಾಟಿಗೆ ಸಾಲುವಷ್ಟಲ್ಲ, ಮನೆಯ ಮಕ್ಕಳಿಗೂ ಸಾಲುವಷ್ಟಿರಲಿ. ರೇಷನ್ಸ್ ಅಧ್ಯಯನ ಕಾಪಾಡಿದ್ದು ಆ ಮಕ್ಕಳನ್ನೂ.

ಪದವಿ ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗದವರಿಗೆ ಒಂದು ಸಲಹೆ. ಬ್ಯಾಕ್ಟೀರಿಯಾ ಚುಚ್ಚುವ ಪ್ರಯೋಗ ನಿಮ್ಮಲ್ಲಿ ಬೇಡ, ಅದಕ್ಕೆ ತಕ್ಕ ಪ್ರಯೋಗಾಲಯವೇ ಬೇಕು. ಉಪವಾಸದ ಪ್ರಯೋಗಕ್ಕೆ ಮಾತ್ರ ಏನೂ ಅಡ್ಡಿಯಿಲ್ಲ. ಒಂದೇ ದಿನ ಹುಟ್ಟಿದ ನೊಣಗಳನ್ನು ಎರಡು ಪಾಲು ಮಾಡಿ. ಒಂದು ಪಾಲಿಗೆ ಪೂರ್ತಿ ಬೆಲ್ಲ, ರವೆ, ಯೀಸ್ಟ್. ಇನ್ನೊಂದಕ್ಕೆ ಅದರ ಕಾಲು ಭಾಗ. ಎರಡು ವಾರದ ನಂತರ ಎರಡನ್ನೂ ಬರಿ ನೀರಿನ ಅಗರಿನ ಮೇಲೆ ಬಿಟ್ಟು, ಆರು ತಾಸಿಗೊಮ್ಮೆ ಸತ್ತವನ್ನು ಎಣಿಸಿ. ಗಂಡು ಹೆಣ್ಣುಗಳ ಲೆಕ್ಕ ಬೇರೆ ಬೇರೆ ಇಡಿ, ಹೆಣ್ಣಿನ ಮೈಯ ದಾಸ್ತಾನು ಬೇರೆ. ನೊಣದ ತಳಿಗಾಗಿ ಮೈಸೂರಿನ ಸ್ಟಾಕ್ ಸೆಂಟರಿಗೆ ಬರೆಯಿರಿ. ಬೇಸಿಗೆಯಲ್ಲಂತೂ ಈ ಪ್ರಯೋಗ ಹಿಡಿಯಬೇಡಿ, ನಮ್ಮ ಏಪ್ರಿಲ್ಲಿನ ಬಿಸಿಲಿಗೆ ಬಾಟಲಿಯ ನೊಣ ಉಳಿಯುವುದಿಲ್ಲ. ದೀಪಾವಳಿ ಮುಗಿದ ಮೇಲೆ ಶುರುಮಾಡಿದರೆ ಸಂಕ್ರಾಂತಿಯೊಳಗೆ ನಿಮ್ಮ ಕೈಯಲ್ಲಿ ಲೆಕ್ಕವಿರುತ್ತದೆ.